ಅಘನಾಶಿನಿ ಅಳಿವೆಯ ರಕ್ಷಣೆ ಗಜನಿಯ ಒಡ್ಡಿನಿಂದ ಆರಂಭವಾಗಲಿ

ಮಾನ್ಯ ಸಂಪಾದಕರಿಗೆ,

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯು 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರಗಳೂ ಅದರೊಂದಿಗೆ ಪಟ್ಟಿ ಸೇರಿದವು. 4,801 ಹೆಕ್ಟೇರು ವಿಸ್ತಾರದ ನಮ್ಮ ಹಿನ್ನೀರಿಗೆ ಅಂತರರಾಷ್ಟ್ರೀಯ ಮನ್ನಣೆ ದೊರೆತದ್ದು ಸಂತೋಷದ ಸಂಗತಿಯೇ. ಆದರೆ ಆ ಬಳಿಕ ಈ ಅಳಿವೆಯ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಹಕ್ಕಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಮತ್ತು ದೋಣಿ ವಿಹಾರಗಳಷ್ಟೇ ಇವೆ. ಇಲ್ಲಿನ ಗಜನಿ ಎಂಬ ತಗ್ಗು ಗದ್ದೆಯ ಭೂಮಿ, ಅದನ್ನು ಕಾಯುವ ಒಡ್ಡು, ನೀರನ್ನು ಒಳಗೆ ಬಿಟ್ಟು ಹೊರಗೆ ಹಾಕುವ ಜಂತ್ರಡಿ, ಇವುಗಳ ಪ್ರಸ್ತಾಪವೇ ಅಪರೂಪ. ಇವುಗಳನ್ನು ಬದಿಗಿಟ್ಟು ರೂಪಿಸುವ ಯಾವ ರಕ್ಷಣಾ ಯೋಜನೆಯೂ ಈ ಅಳಿವೆಯನ್ನು ಉಳಿಸಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣ ಈ ಅಳಿವೆಯ ಭೂಗೋಳದಲ್ಲಿಯೂ ಚರಿತ್ರೆಯಲ್ಲಿಯೂ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

ಶಿರಸಿಯ ಬಳಿ ಹುಟ್ಟುವ ದೋಣಿಹಳ್ಳ ಮತ್ತು ಮಂಜುಗುಣಿಯ ಕಡೆಯಿಂದ ಬರುವ ಬಕುರಹೊಳೆ ಕೂಡಿ ಅಘನಾಶಿನಿ ಹೊಳೆಯಾಗುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ದಟ್ಟ ಕಾಡಿನ ಕಣಿವೆಗಳನ್ನು ಹಾದು, ಕುಮಟಾ ತಾಲ್ಲೂಕಿನ ಬಯಲಿಗೆ ಇಳಿಯುತ್ತದೆ. ಉಬ್ಬರದ ನೀರು ಮೇಲೇರುವ ದಾರಿಯಲ್ಲಿರುವ ಉಪ್ಪಿನಪಟ್ಟಣದವರೆಗೆ ಹಿಂದೆ ಸರಕಿನ ದೋಣಿಗಳು ಹೋಗಿಬರುತ್ತಿದ್ದವು. ಅಲ್ಲಿಂದ ಕೆಳಗೆ ಹೊಳೆ ನಿಧಾನವಾಗಿ ಅಗಲವಾಗುತ್ತ ಬರುತ್ತದೆ. ಮಿರ್ಜಾನ ದಾಟಿದ ಮೇಲೆ ಅದು ಹೊಳೆಯೆನಿಸದೆ ವಿಶಾಲವಾದ ಹಿನ್ನೀರಾಗಿ ಹರಡಿಕೊಂಡು, ನಡುವೆ ಐಗಳಕುರ್ವೆಯಂತಹ ನಡುಗಡ್ಡೆಗಳನ್ನು ಇಟ್ಟುಕೊಂಡು, ಒಂದು ಕವಲನ್ನು ಉತ್ತರಕ್ಕೆ ಸಾಣಿಕಟ್ಟೆಯ ಉಪ್ಪಿನ ಆಗರಗಳತ್ತ ಚಾಚುತ್ತದೆ. ಇಷ್ಟು ವಿಶಾಲವಾದ ನೀರು ಸಮುದ್ರ ಸೇರುವುದು ಮಾತ್ರ ಉತ್ತರದ ತದಡಿ ಮತ್ತು ದಕ್ಷಿಣದ ಅಘನಾಶಿನಿ ಗ್ರಾಮಗಳ ನಡುವಿನ, ಗುಡ್ಡಗಳು ಎರಡೂ ಕಡೆಯಿಂದ ಒತ್ತಿ ನಿಂತ ಬಾಯಿಯಲ್ಲಿ. ಈ ಗುಡ್ಡಗಳ ಆಸರೆಯಿಂದಲೇ ಒಳಗಿನ ನೀರು ಶಾಂತವಾಗಿರುತ್ತದೆ, ಕೆಸರು ನೆಲೆಗೊಳ್ಳುತ್ತದೆ, ಮೀನು ಸಿಗಡಿಗಳ ಮರಿಗಳಿಗೆ ಬೆಳೆಯಲು ಜಾಗ ದೊರೆಯುತ್ತದೆ. ಹೆದ್ದಾರಿಯಲ್ಲಿಯೋ ಕೊಂಕಣ ರೈಲಿನಲ್ಲಿಯೋ ಸೇತುವೆ ದಾಟುವವರಿಗೆ ಇದು ಕ್ಷಣಮಾತ್ರ ಕಾಣುವ ನೀರು. ದಡದ ಊರುಗಳಿಗೆ ಇದೇ ಹೊಲ, ಇದೇ ಸಂತೆ, ಇದೇ ದಾರಿ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಿದು, ಆ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಆದ್ದರಿಂದ ಆಷಾಢ ಶ್ರಾವಣಗಳಲ್ಲಿ ಅಳಿವೆಯ ಬಾಯಿಯವರೆಗೂ ಸಿಹಿನೀರು ತುಂಬಿರುತ್ತದೆ. ಮಾಗಿ ಕಳೆದು ಬೇಸಿಗೆ ಬರುವಷ್ಟರಲ್ಲಿ ಸಮುದ್ರದ ಉಪ್ಪುನೀರು ಬಲು ಒಳಗಿನವರೆಗೂ ಏರಿರುತ್ತದೆ. ಈ ಏರಿಳಿತ ವರ್ಷವರ್ಷವೂ ತಪ್ಪದೆ ನಡೆಯುವುದಕ್ಕೆ ಒಂದು ಕಾರಣವಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಜಿಲ್ಲೆಯ ಉತ್ತರದಲ್ಲಿ ಕಾಳಿಗೆ ಸೂಪಾ, ಕದ್ರಾ ಮೊದಲಾದ ಅಣೆಕಟ್ಟುಗಳಿವೆ, ದಕ್ಷಿಣದಲ್ಲಿ ಶರಾವತಿಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪೆಯ ಅಣೆಕಟ್ಟುಗಳಿವೆ. ನಡುವಿನ ಈ ಹೊಳೆಯಾದರೋ ಘಟ್ಟದಿಂದ ಕಡಲಿನವರೆಗೆ ತಡೆಯಿಲ್ಲದೆ ಹರಿಯುತ್ತಿದೆ.

ಹೊನ್ನಾವರದಲ್ಲಿ ಆದದ್ದನ್ನು ಗಮನಿಸಿದರೆ ಇದರ ಬೆಲೆ ತಿಳಿಯುತ್ತದೆ. ವಿದ್ಯುತ್ ಉತ್ಪಾದನೆಗಾಗಿ ಶರಾವತಿಯ ನೀರನ್ನು ವರ್ಷವಿಡೀ ಬಿಡುವುದರಿಂದ ಬೇಸಿಗೆಯಲ್ಲೂ ಅಲ್ಲಿನ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಉಪ್ಪಿನಂಶ ಏರಬೇಕಾದ ಕಾಲದಲ್ಲಿ ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿ, ಶರಾವತಿ ಅಳಿವೆಯ ಬಹುಭಾಗದಿಂದ ಖಾದ್ಯ ಚಿಪ್ಪುಜೀವಿಗಳು ಕಣ್ಮರೆಯಾಗಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ತೋರಿಸಿಕೊಟ್ಟಿದ್ದಾರೆ. ನೀರು ಕಡಿಮೆಯಾದರೆ ಹೊಳೆಗೆ ಕೇಡು ಎಂಬುದು ಎಲ್ಲರಿಗೂ ಗೊತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಸಿಹಿನೀರೂ ಅಳಿವೆಗೆ ಅಷ್ಟೇ ಕೇಡು ಮಾಡುತ್ತದೆ ಎಂಬುದನ್ನು ಹೊನ್ನಾವರದ ಮೀನುಗಾರರು ಅನುಭವದಿಂದ ಅರಿತಿದ್ದಾರೆ. ಅಘನಾಶಿನಿಯ ನೀರನ್ನು ಪೂರ್ವದ ಬಯಲುಸೀಮೆಗೆ ತಿರುಗಿಸುವ ಮಾತು ಆಗಾಗ ಏಳುತ್ತಲೇ ಇದೆ. "ಮಳೆಗಾಲದಲ್ಲಿ ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು" ಎಂದು ಅದಕ್ಕೆ ಸಮರ್ಥನೆ ಕೊಡುವವರು ಅಳಿವೆಯ ದಡದ ಊರುಗಳಿಗೆ ಒಮ್ಮೆ ಬಂದು ನೋಡಬೇಕು. ಹೊಲದ ಉಪ್ಪನ್ನು ತೊಳೆಯುವುದು ಆ ಮಳೆಗಾಲದ ನೀರೇ, ಹೊಸ ಮೆಕ್ಕಲು ತಂದು ಹಾಕುವುದೂ ಅದೇ.

ಅಂದಿನ ಇಳಿತ ಎಷ್ಟು ಹೊತ್ತಿಗೆ ಎಂಬುದರ ಮೇಲೆ ದಡದ ಹೆಂಗಸರ ದಿನಚರಿ ನಿಂತಿದೆ. ನೀರು ಇಳಿದು ಮರಳದಿಣ್ಣೆಗಳು ಮೇಲೆದ್ದಾಗ ಅವರು ದೋಣಿಯಲ್ಲಿ ಅಲ್ಲಿಗೆ ಹೋಗುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಮರಳನ್ನು ತಡವಿ, ಚಿಪ್ಪು ತಾಗಿದೊಡನೆ ಬಗ್ಗಿ ಕೈಯಿಂದ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಉಬ್ಬರ ಮರಳುವ ಮೊದಲು ಬುಟ್ಟಿ ತುಂಬಬೇಕು. ಇದಕ್ಕೆ ಬಂಡವಾಳ ಬೇಕಿಲ್ಲ, ಯಂತ್ರ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಹೀಗೆ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಈ ಅಳಿವೆಯಿಂದ ದೊರೆಯುತ್ತವೆ ಎಂದು ಅದೇ ಸಂಶೋಧಕರು ಅಂದಾಜು ಮಾಡಿದ್ದರು. ಗೋವೆಯ ಮಾರುಕಟ್ಟೆಗೂ ಹೋಗುವ ಈ ಬಳಚು, ಕಲ್ವ, ನೀಲಿಕಲ್ಲುಗಳ ಆದಾಯ ಯಾವ ಸರ್ಕಾರಿ ಯೋಜನೆಯ ಲೆಕ್ಕದಲ್ಲಿಯೂ ಸರಿಯಾಗಿ ಬರುವುದಿಲ್ಲ. ಇದೇ ಹಿನ್ನೀರಿನ ತಳದಲ್ಲಿ ಹೂತಿರುವ ಹಳೆಯ ಚಿಪ್ಪನ್ನು ಸುಣ್ಣಕ್ಕಾಗಿ ಅಗೆದು ತೆಗೆಯುವುದು ಬೇರೆಯೇ ವ್ಯವಹಾರ. ಅದು ತಳವನ್ನೇ ಕಲಕಿ ಜೀವಂತ ಬಳಚಿನ ನೆಲೆಯನ್ನು ಕೆಡಿಸುತ್ತದೆ. ಎರಡನ್ನೂ ಒಂದೇ ಎಂಬಂತೆ ಭಾವಿಸಿ ನಿಯಮ ಮಾಡಿದರೆ ಕೈಯಿಂದ ಆಯುವ ಬಡವರಿಗೆ ಅನ್ಯಾಯವಾಗುತ್ತದೆ.

ಇನ್ನು ಗಜನಿಯ ವಿಷಯ. ಮಾಣಿಕಟ್ಟಾ, ಹೆಗಡೆ, ಮಾಸೂರು ಮುಂತಾದ ಊರುಗಳ ಅಂಚಿನಲ್ಲಿ ಸಮುದ್ರಮಟ್ಟಕ್ಕೆ ಹೆಚ್ಚುಕಡಿಮೆ ಸಮನಾಗಿ ಇರುವ ತಗ್ಗು ಗದ್ದೆಗಳೇ ಗಜನಿ. ಸುತ್ತಲೂ ಒಡ್ಡು ಹಾಕದಿದ್ದರೆ ಅವು ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ಮುಳುಗುತ್ತವೆ. ತಲೆಮಾರುಗಳ ಹಿಂದೆ ರೈತರು ಮಣ್ಣು, ಕಲ್ಲು, ಮರಗಳಿಂದ ಒಡ್ಡು ಕಟ್ಟಿ, ಅಲ್ಲಲ್ಲಿ ಜಂತ್ರಡಿ ಇಟ್ಟು, ಈ ಜೌಗು ನೆಲದಿಂದ ಒಂದೇ ವರ್ಷದಲ್ಲಿ ಎರಡು ಬಗೆಯ ಫಸಲು ತೆಗೆಯುವ ಕ್ರಮವನ್ನು ರೂಢಿಸಿದರು. ಬೇಸಿಗೆಯ ಕೊನೆಯಲ್ಲಿ ಗದ್ದೆಯ ನೀರು ಹೊರಹಾಕಿ ನೆಲವನ್ನು ಬಿಸಿಲಿಗೆ ಒಣಗಿಸುತ್ತಾರೆ. ಮುಂಗಾರಿನ ಮೊದಲ ಮಳೆಗಳು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತಾರೆ. ಕಗ್ಗ ಎತ್ತರವಾಗಿ ಬೆಳೆಯುವ, ಕೆಂಪು ಅಕ್ಕಿಯ ಭತ್ತ. ನೆರೆಯಲ್ಲಿ ಹಲವು ದಿನ ಮುಳುಗಿದರೂ ಕೊಳೆಯುವುದಿಲ್ಲ, ಒಡ್ಡು ಜಿನುಗಿ ಉಪ್ಪುನೀರು ತಾಗಿದರೂ ಸಾಯುವುದಿಲ್ಲ. ಗೊಬ್ಬರ ಬೇಡುವುದಿಲ್ಲ, ಔಷಧ ಬೇಡುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದುಕೊಂಡು ಉಳಿದ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ.

ಆ ಬಳಿಕ ಜಂತ್ರಡಿಯ ಕೆಲಸ. ಒಡ್ಡಿನ ಕಂಡಿಗೆ ಎರಡೂ ಕಡೆ ಉದ್ದ ಸೀಳು ಕೊರೆದು ಒಂದರ ಮೇಲೊಂದು ಇಳಿಸಿದ ಮರದ ಹಲಗೆಗಳೇ ಜಂತ್ರಡಿ. ಉಬ್ಬರದ ಹೊತ್ತಿಗೆ ಹಲಗೆ ಎತ್ತಿದರೆ ಸಮುದ್ರದ ನೀರಿನೊಂದಿಗೆ ಸಿಗಡಿ, ಏಡಿ, ನೊಗಲಿ ಮೀನುಗಳ ಮರಿಗಳು ಗದ್ದೆಯೊಳಗೆ ಬರುತ್ತವೆ. ಕೊಳೆಯುವ ಕಗ್ಗದ ಹುಲ್ಲೇ ಅವಕ್ಕೆ ಆಹಾರದ ಆಧಾರ. ಬೇಸಿಗೆಯುದ್ದಕ್ಕೂ ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಕಂಡಿಗೆ ಬಲೆ ಕಟ್ಟಿ ರಾತ್ರಿಯ ಹೊತ್ತು ನೀರು ಬಿಡುತ್ತಾರೆ, ಬೆಳೆದ ಸಿಗಡಿ ಬಲೆಗೆ ಬೀಳುತ್ತದೆ. ಮೀನಿಗಾಗಿ ಬರುವ ವಲಸೆ ಹಕ್ಕಿಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಹಲಗೆಯನ್ನು ಯಾವ ದಿನ ಎತ್ತಬೇಕು, ಎಷ್ಟು ಎತ್ತಬೇಕು, ಯಾವ ತಿಂಗಳಲ್ಲಿ ಮುಚ್ಚಿ ನೆಲ ಒಣಗಿಸಬೇಕು ಎಂಬುದನ್ನು ಒಬ್ಬ ರೈತ ಒಬ್ಬನೇ ನಿರ್ಧರಿಸುವಂತಿಲ್ಲ. ಗಜನಿಯ ಎಲ್ಲರೂ ಕೂಡಿ ಒಪ್ಪಬೇಕು, ಒಡ್ಡಿನ ರಿಪೇರಿಗೆ ಎಲ್ಲರೂ ಹೆಗಲು ಕೊಡಬೇಕು. ಇಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿರುವ ಈ ಅಳಿವೆಯ ಶ್ರೀಮಂತಿಕೆಯಲ್ಲಿ ದೊಡ್ಡ ಪಾಲು ಹೀಗೆ ಮನುಷ್ಯರು ಕೂಡಿ ನಡೆಸಿದ ನೀರಿನ ಲೆಕ್ಕಾಚಾರದಿಂದ ಬಂದದ್ದು.

ಈ ವ್ಯವಸ್ಥೆ ಸಡಿಲವಾದದ್ದು ಹೇಗೆ ಎಂಬುದನ್ನೂ ಹೇಳಬೇಕು. ಉಪ್ಪುನೆಲಗಳಿಗಾಗಿ ಸರ್ಕಾರ ತಂದ ಖಾರಲ್ಯಾಂಡ್ ಯೋಜನೆಯಲ್ಲಿ ಹಳೆಯ ಮಣ್ಣಿನ ಒಡ್ಡುಗಳ ಜಾಗದಲ್ಲಿ ಶಾಶ್ವತ ಒಡ್ಡುಗಳು ಬಂದವು. ಅದರಿಂದ ರೈತರಿಗೆ ಅನುಕೂಲವಾದದ್ದು ನಿಜ. ಆದರೆ ವರ್ಷಾವರ್ಷ ಕೂಡಿ ದುಡಿಯುವ ಅಗತ್ಯ ತಪ್ಪಿದಂತೆ ಕೂಡಿ ತೀರ್ಮಾನಿಸುವ ರೂಢಿಯೂ ತಪ್ಪಿತು. ಸಿಗಡಿಗೆ ಬೆಲೆ ಏರಿದಾಗ ಹಲವು ಗಜನಿಗಳು ಗುತ್ತಿಗೆದಾರರ ಕೈಸೇರಿದವು. ಭತ್ತದ ಕಾಲದಲ್ಲೂ ಉಪ್ಪುನೀರು ಒಳಗೆ ನಿಂತಿತು, ಕಗ್ಗ ಬಿತ್ತುವುದು ನಿಂತಿತು. 1990ರ ದಶಕದ ಮಧ್ಯಭಾಗದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೃಷಿ ನೆಲಕಚ್ಚಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳ ವಿರುದ್ಧ ತೀರ್ಪು ಕೊಟ್ಟಾಗ ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ನೀಡಿತ್ತು. ಆ ವಿನಾಯಿತಿಯ ಅರ್ಥವನ್ನು ಇಲ್ಲಿ ಯಾರೂ ಸರಿಯಾಗಿ ಬಳಸಿಕೊಳ್ಳಲಿಲ್ಲ. ಭತ್ತವೂ ಇಲ್ಲದೆ ಸಿಗಡಿಯೂ ಇಲ್ಲದೆ ಪಾಳುಬಿದ್ದ ಗಜನಿಗಳಲ್ಲಿ ಒಡ್ಡು ಒಡೆದು ಉಪ್ಪುನೀರು ಪಕ್ಕದ ತೋಟಕ್ಕೂ ಕುಡಿಯುವ ನೀರಿನ ಬಾವಿಗೂ ನುಗ್ಗುವುದನ್ನು ದಡದ ಜನ ಅನುಭವಿಸುತ್ತಿದ್ದಾರೆ. ಮಾಣಿಕಟ್ಟಾದ ರೈತರು ಸಂಘವಾಗಿ ನಿಂತು ಕಗ್ಗವನ್ನು ಉಳಿಸಿಕೊಂಡಿರುವುದು ಈ ನಿರಾಶೆಯ ನಡುವೆ ದೊಡ್ಡ ಸಾಧನೆ. ಅವರಿಗೆ ನಾಡಿನ ಕೃತಜ್ಞತೆ ಸಲ್ಲಬೇಕು.

ಈ ಜಾಗಕ್ಕೆ ಬಂದರಿನ ಚರಿತ್ರೆಯೂ ಇದೆ, ಮತ್ತು ತದಡಿಯಲ್ಲಿ ಬೃಹತ್ ಬಂದರು ಬೇಕೆನ್ನುವವರು ಅದನ್ನೇ ಮುಂದಿಡುತ್ತಾರೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಘಟ್ಟದ ಕಾಳುಮೆಣಸು ಇಳಿದುಬಂದು ಹಡಗೇರುತ್ತಿದ್ದ ನೆಲೆಗಳಲ್ಲಿ ಮಿರ್ಜಾನವೂ ಒಂದು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಕಂದಕ ಸುತ್ತುವರಿದ ಅಲ್ಲಿನ ಚಿರೆಕಲ್ಲಿನ ಕೋಟೆಯಲ್ಲಿ 2000–01ರಲ್ಲಿ ನಡೆದ ಉತ್ಖನನದಲ್ಲಿ ಗೋವೆಯ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನಾದ ಪಿಂಗಾಣಿಯ ಚೂರುಗಳು ಮತ್ತು ಫಿರಂಗಿ ಗುಂಡುಗಳು ದೊರೆತಿವೆ. ಗೇರುಸೊಪ್ಪೆಯ ನಂತರ ಕೆಳದಿಯವರು, 1763ರ ನಂತರ ಹೈದರಾಲಿ, 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಇಂಗ್ಲಿಷರು ಹೀಗೆ ಒಡೆತನ ಬದಲಾಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗ, ದೇವಿಮನೆ ಘಟ್ಟದ ಮೂಲಕ ಬರುತ್ತಿದ್ದ ಧಾರವಾಡ ಸೀಮೆಯ ಹತ್ತಿ ಈ ಅಳಿವೆಯ ದಕ್ಷಿಣಕ್ಕಿರುವ ಕುಮಟಾ ಬಂದರಿನಿಂದ ಹೊರಹೋಗುತ್ತಿತ್ತು. ಬೆಳೆದದ್ದು ಧಾರವಾಡದಲ್ಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯನ್ನು ಮರ್ಮಗೋವಾಕ್ಕೆ ಜೋಡಿಸಿದ ಮೇಲೆ ಆ ವ್ಯಾಪಾರವೂ ತಿರುಗಿಹೋಯಿತು.

ಆದರೆ ಆ ಬಂದರುಗಳು ಇದ್ದ ಆಳಕ್ಕೆ ತಕ್ಕ ದೋಣಿಗಳನ್ನು ನಡೆಸಿದವು. ಉಬ್ಬರ ನೋಡಿ ಒಳಗೆ ಬಂದು, ಇಳಿತ ನೋಡಿ ಹೊರಗೆ ಹೋಗುತ್ತಿದ್ದ ಪತ್ತೆಮಾರಿ ಎಂಬ ಹಾಯಿಹಡಗುಗಳಿಗಾಗಿ ಯಾರೂ ಅಳಿವೆಯ ತಳವನ್ನು ಅಗೆಯಲಿಲ್ಲ. ಇಂದಿನ ಬೃಹತ್ ಹಡಗುಗಳಿಗೆ ಬೇಕಾದ ಆಳಕ್ಕೆ ಬಾಯನ್ನು ಅಗೆದರೆ ಉಬ್ಬರದ ಬಲವೂ ಉಪ್ಪಿನಂಶವೂ ಮೆಕ್ಕಲಿನ ನೆಲೆಯೂ ಒಟ್ಟಿಗೇ ಬದಲಾಗುತ್ತವೆ. ಮೆಣಸಿನ ರಾಣಿಯ ಹೆಸರು ಹೇಳಿ ಅದನ್ನು ಸಮರ್ಥಿಸುವುದು ಚರಿತ್ರೆಗೆ ಮಾಡುವ ಅಪಚಾರವೆಂದೇ ನಾನು ತಿಳಿಯುತ್ತೇನೆ. ತದಡಿಯಲ್ಲಿ ಕೈಗಾರಿಕೆಗೆಂದು ದಶಕಗಳ ಹಿಂದೆ ಭೂಸ್ವಾಧೀನವಾಯಿತು. ಮುಂದೆ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು ಜನರ ವಿರೋಧದಿಂದ ಹಿಂದೆ ಸರಿಯಿತು. ನಂತರ ಬಂದರು ಯೋಜನೆ ಬಂತು. ಪ್ರತಿ ಸಲವೂ ಕಡತಗಳಲ್ಲಿ ಈ ನೆಲ "ಖಾಲಿ ಜಾಗ" ಎಂಬಂತೆ ಕಾಣಿಸಿಕೊಂಡಿದೆ.

ಅಳಿವೆಯ ಉತ್ತರದ ಕವಲಿನಲ್ಲಿರುವ ಸಾಣಿಕಟ್ಟೆಯ ಆಗರಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಬೇಸಿಗೆಯ ಉಬ್ಬರದಲ್ಲಿ ಕಾಲುವೆಗೆ ಬಿಟ್ಟುಕೊಂಡ ನೀರನ್ನು ಪಾತಿಯಿಂದ ಪಾತಿಗೆ ಹಾಯಿಸಿ ಬಿಸಿಲಿಗೆ ಹರಳುಗಟ್ಟಿಸುವ ಈ ಕೆಲಸವೂ ಒಡ್ಡು ಮತ್ತು ಕಂಡಿಗಳನ್ನೇ ನಂಬಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಈ ಕಡಲಂಚಿನ ಬದುಕಿನಲ್ಲಿ ಉಪ್ಪಿಗೆ ಎಂತಹ ಸ್ಥಾನವಿತ್ತು ಎಂಬುದು ಆ ದಿನದಿಂದಲೇ ತಿಳಿಯುತ್ತದೆ.

ಈಗ ಕಾನೂನಿನ ಮಾತು. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಿಂದ ಭತ್ತದ ಗದ್ದೆಗಳನ್ನು ಹೊರಗಿಟ್ಟಿವೆ. ಉಪ್ಪು ತಯಾರಿಕೆಗೆ ಮತ್ತು ಜಲಕೃಷಿಗೆ ಮನುಷ್ಯರು ನಿರ್ಮಿಸಿದ ರಚನೆಗಳನ್ನೂ ಹೊರಗಿಟ್ಟಿವೆ. ಕರಾವಳಿ ನಿಯಂತ್ರಣ ವಲಯಕ್ಕೆ ಸೇರಿದ ಪ್ರದೇಶಗಳನ್ನು ಆ ವಲಯದ ಅಧಿಸೂಚನೆಗೇ ಬಿಟ್ಟಿವೆ. ಆ ಅಧಿಸೂಚನೆಯಾದರೋ 2011ರಲ್ಲಿ ಉಬ್ಬರದ ನೀರಿನ ಹೊಳೆ ಹಿನ್ನೀರುಗಳ ದಡದಲ್ಲಿ 100 ಮೀಟರ್ ಅಥವಾ ಹಿನ್ನೀರಿನ ಅಗಲ, ಯಾವುದು ಕಡಿಮೆಯೋ ಅಷ್ಟನ್ನು ರಕ್ಷಿಸಿತ್ತು. 2019ರಲ್ಲಿ ಆ 100 ಮೀಟರ್ 50ಕ್ಕೆ ಇಳಿಯಿತು. ರಾಮ್ಸರ್ ಒಪ್ಪಂದವು ಬಯಸುವುದು ಜೌಗುಭೂಮಿಯ ವಿವೇಕಯುತ ಬಳಕೆಯನ್ನು. ಅಘನಾಶಿನಿಯನ್ನು ಪಟ್ಟಿಗೆ ಸೇರಿಸುವಾಗ ಗಜನಿ ಬೇಸಾಯ, ಬಳಚು, ಉಪ್ಪು, ಮೀನುಗಾರಿಕೆಗಳಿಂದ 6,000ದಿಂದ 7,500 ಕುಟುಂಬಗಳ ಜೀವನ ನಡೆಯುತ್ತದೆ ಎಂದೇ ದಾಖಲಿಸಲಾಗಿದೆ. ಹೀಗಿರುವಾಗ ಅದೇ ಗಜನಿ ಮತ್ತು ಆಗರಗಳು ನಮ್ಮ ನಿಯಮಗಳ ಸಂದಿಯಲ್ಲಿ ಬಿದ್ದುಹೋಗಲು ಬಿಡಬಾರದು.

ಆದ್ದರಿಂದ ರಾಜ್ಯ ಸರ್ಕಾರಕ್ಕೆ ಮತ್ತು ಜೌಗುಭೂಮಿ ಪ್ರಾಧಿಕಾರಕ್ಕೆ ನನ್ನ ವಿನಂತಿ ಇಷ್ಟು. ಅಳಿವೆಯ ನಿರ್ವಹಣಾ ಯೋಜನೆಯಲ್ಲಿ ಗಜನಿ ಗದ್ದೆಗಳನ್ನೂ ಸಾಣಿಕಟ್ಟೆಯ ಆಗರಗಳನ್ನೂ ಅದರ ಅವಿಭಾಜ್ಯ ಅಂಗಗಳೆಂದು ಸ್ಪಷ್ಟವಾಗಿ ಬರೆಯಬೇಕು. ಒಡೆದ ಒಡ್ಡುಗಳನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಸರಿಪಡಿಸಿ, ಜಂತ್ರಡಿಯ ಹಲಗೆ ಎತ್ತುವ ಮತ್ತು ಇಳಿಸುವ ತೀರ್ಮಾನವನ್ನು ಆಯಾ ಗಜನಿಯ ರೈತರ ಸಂಘಗಳಿಗೆ ಕಾನೂನಿನ ಬಲದೊಂದಿಗೆ ಒಪ್ಪಿಸಬೇಕು. ಆ ಸಂಘಗಳಲ್ಲಿ ಬಳಚು ಆಯುವ ಹೆಂಗಸರಿಗೂ ಮೀನುಗಾರರಿಗೂ ಮತವಿರಬೇಕು, ಏಕೆಂದರೆ ಒಂದು ಕಂಡಿಯಿಂದ ಹೊರಬಿಟ್ಟ ನೀರು ಇನ್ನೊಬ್ಬರ ದಿಣ್ಣೆಯ ಮೇಲೆ ಹರಿಯುತ್ತದೆ. ಕಗ್ಗದ ಅಕ್ಕಿಗೆ ಪ್ರತ್ಯೇಕ ಖರೀದಿ ಬೆಲೆ ಗೊತ್ತುಮಾಡಬೇಕು, ಕಗ್ಗ ಬಿತ್ತುವ ಗಜನಿಗೆ ಮಾತ್ರ ಬೇಸಿಗೆಯ ಸಿಗಡಿ ಹಿಡಿಯುವ ಹಕ್ಕು ಎಂಬ ಹಳೆಯ ಕಟ್ಟಳೆಯನ್ನು ಮರಳಿ ತರಬೇಕು. ಹೊಳೆಯ ನೀರನ್ನು ತಿರುಗಿಸುವ ಮತ್ತು ಅಳಿವೆಯ ಬಾಯನ್ನು ಅಗೆಯುವ ಪ್ರಸ್ತಾಪಗಳನ್ನು ಕೈಬಿಟ್ಟಿರುವುದಾಗಿ ಲಿಖಿತವಾಗಿ ಘೋಷಿಸಬೇಕು. ಯೋಜನೆಯ ಕರಡನ್ನು ಕನ್ನಡದಲ್ಲಿ ಮುದ್ರಿಸಿ, ತದಡಿ, ಅಘನಾಶಿನಿ, ಮಿರ್ಜಾನ, ಮಾಣಿಕಟ್ಟಾ, ಹೆಗಡೆ ಮತ್ತು ಮಾಸೂರಿನ ಪಂಚಾಯಿತಿಗಳಲ್ಲಿ ಓದಿಹೇಳಿ, ಜನರ ಆಕ್ಷೇಪಣೆಗಳನ್ನು ಪಡೆದ ಬಳಿಕವೇ ಅಂತಿಮಗೊಳಿಸಬೇಕು.

ತಮ್ಮ ವಿಶ್ವಾಸಿ,
ಕುಮಟಾ ತಾಲ್ಲೂಕಿನ ಓದುಗ